ಅರ್ಕಾವೊತ್ತು ಉಳಿಸುವ ತಂತ್ರಾಂಶ ಎಲ್ಲಿದೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರನ್ನು ಯಾವುದೇ ತಂತ್ರಾಂಶದಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಉಳಿಸಬೇಕು. ಮತ್ತೆ ಹುಡುಕಬೇಕು, ಅಕ್ಷರಕ್ರಮದಲ್ಲಿ ಜೋಡಿಸಬೇಕು, ಕೊನೆಗೆ ಪಿಡಿಎಫ್ ಮಾಡಿ ಮುದ್ರಿಸಬೇಕು. ಆ ತಂತ್ರಾಂಶ ಇಲ್ಲಿನ ಸಂಸ್ಥೆಗಳಿಗೆ ಒದಗುತ್ತದೋ ಇಲ್ಲವೋ ಎಂಬುದು ಇಷ್ಟರಲ್ಲೇ ಬಹುಮಟ್ಟಿಗೆ ಗೊತ್ತಾಗುತ್ತದೆ. ಓಪನ್ ಸೋರ್ಸ್ ಸಾಧನಗಳ ದೊಡ್ಡ ದೊಡ್ಡ ಪಟ್ಟಿಗಳನ್ನು ಓದುವವರು ಈ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಇದು ಮೊದಲು ಆಗಬೇಕಾದ ಕೆಲಸ.

ಎಂಟರ್‌ಪ್ರೈಸ್ ತಂತ್ರಾಂಶ ಎಂದ ಕೂಡಲೇ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಗಳೇ ಕಣ್ಣ ಮುಂದೆ ಬರುತ್ತವೆ. ಆದರೆ ಒಂದೇ ಲೆಕ್ಕವನ್ನು ಹಲವರು, ಹಲವು ಅಧಿಕಾರಗಳೊಂದಿಗೆ, ವರ್ಷಗಟ್ಟಲೆ ಬಳಸುವ ಯಾವ ಸಂಸ್ಥೆಗೂ ಬೇಕಾಗುವುದು ಅದೇ ಬಗೆಯ ತಂತ್ರಾಂಶ. ಬೈಲಹೊಂಗಲದ ಹತ್ತಿ ವ್ಯಾಪಾರದ ಅಡತಿ ಅಂಗಡಿ ರೈತನಿಗೆ ಪಟ್ಟಿ ಬರೆಯುವಾಗ ಹಮಾಲಿ, ತೂಕದ ಖರ್ಚು, ಮುಂಗಡ ಎಲ್ಲವನ್ನೂ ಕಳೆದು ತೋರಿಸಬೇಕು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆ ಕಬ್ಬಿನ ತೂಕದಿಂದ ಸದಸ್ಯರ ಬಿಲ್ಲಿನವರೆಗೆ ಉದ್ದದ ಸರಪಳಿಯೇ ಇದೆ. ರಾಮದುರ್ಗದ ನೇಕಾರಿಕೆಯಲ್ಲಿ ನೂಲು ಕೊಟ್ಟದ್ದು, ಸೀರೆ ಬಂದದ್ದು, ಮಜೂರಿ ಸಂದದ್ದು ಒಂದಕ್ಕೊಂದು ತಾಳೆಯಾಗಬೇಕು. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆಯ ಜನಸಾಗರಕ್ಕೆ ಸೇವಾ ರಸೀದಿ ಕೊಡುವುದೂ, ಊರೂರಿನ ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳು ಪ್ರತಿ ಸಂಜೆ ಕೀರ್ದಿ ಮುಗಿಸುವುದೂ ಇದೇ ಜಾತಿಯ ಕೆಲಸ.

ಇಂಥ ತಂತ್ರಾಂಶ ಬರೆಯುವವರು ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಲ್ಲಿ ಎಂಜಿನಿಯರಿಂಗ್ ಓದಿ ಬಂದ ಇಲ್ಲಿಯವರೇ ಆಗಿರಬಹುದು. ಅವರಿಗೆ ಸಾಧನಗಳ ಕೊರತೆ ಇಲ್ಲ. ಎದುರಿಗಿರುವ ರಾಶಿಯಲ್ಲಿ ಹತ್ತು ವರ್ಷ ಬಾಳುವುದನ್ನು ಆರಿಸುವುದೇ ಕಷ್ಟ.

ಮೂವತ್ತು ವರ್ಷದ ಹಿಂದೆ ಪರಿಸ್ಥಿತಿ ತಿರುಗುಮುರುಗಾಗಿತ್ತು. ಲಿನಕ್ಸ್ ಬೇಕೆಂದರೂ ಇಳಿಸಿಕೊಳ್ಳುವಷ್ಟು ವೇಗದ ಇಂಟರ್‌ನೆಟ್ ಇರಲಿಲ್ಲ. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಂದಿಗೆ ಲಿನಕ್ಸ್ ಸಿಡಿಯನ್ನು ಹಂಚಿತು. ಆ ಪ್ರಯತ್ನದ ಹಿಂದಿದ್ದ ಅತುಲ್ ಚಿಟ್ನೀಸ್ ಬರ್ಲಿನ್‌ನಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಅವರೇ ಮುಂದೆ 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನವನ್ನು ಕಟ್ಟಿದರು. ಅದು ಫಾಸ್.ಇನ್ ಎಂಬ ಹೆಸರಿನಲ್ಲಿ 2012ರವರೆಗೆ ನಡೆಯಿತು. 2013ರಲ್ಲಿ ಚಿಟ್ನೀಸ್ ತೀರಿಕೊಂಡರು. ಭಾರತದ ಓಪನ್ ಸೋರ್ಸ್ ಚರಿತ್ರೆಯ ಒಂದು ಮುಖ್ಯ ಎಳೆ ಬೆಳಗಾವಿಯನ್ನು ಹಾದು ಹೋಗುತ್ತದೆ ಎಂಬುದು ಈ ಜಿಲ್ಲೆಯ ಹುಡುಗ ಹುಡುಗಿಯರಿಗೆ ಗೊತ್ತಿರಬೇಕಾದ ಸಂಗತಿ.

ಹಾಗಾದರೆ ಹುಡುಕಾಟ ಎಲ್ಲಿಂದ ಶುರುವಾಗಬೇಕು? ಗಿಟ್‌ಹಬ್‌ನಲ್ಲಿ ನಕ್ಷತ್ರಗಳ ಸಂಖ್ಯೆ ನೋಡುವುದು ಬಹುತೇಕರ ಅಭ್ಯಾಸ. ನಕ್ಷತ್ರ ಹೇಳುವುದು ಎಷ್ಟು ಜನ ಮೆಚ್ಚಿದರು ಎಂಬುದನ್ನು. ಎಷ್ಟು ಜನ ಅದರ ಮೇಲೆ ಸಂಬಳದ ಲೆಕ್ಕ ಬಿಟ್ಟಿದ್ದಾರೆ ಎಂಬುದನ್ನಲ್ಲ. ಅದಕ್ಕಿಂತ ಉತ್ತಮ ಬಾಗಿಲುಗಳಿವೆ. ಡೆಬಿಯನ್‌ನ ಪ್ಯಾಕೇಜ್ ಭಂಡಾರಕ್ಕೆ ಒಂದು ತಂತ್ರಾಂಶ ಸೇರಬೇಕಾದರೆ ಅದರ ಲೈಸೆನ್ಸನ್ನು ಬೇರೆ ಯಾರಾದರೂ ಓದಿ ಒಪ್ಪಿರಬೇಕು. ಅಪಾಚೆ ಪ್ರತಿಷ್ಠಾನದ ಯೋಜನೆಗಳು ಒಂದೇ ಕಂಪನಿಯ ಹಿಡಿತದಲ್ಲಿರುವುದಿಲ್ಲ. ಸರ್ಕಾರಿ ಹಾಗೂ ಸಮುದಾಯದ ಕೆಲಸಕ್ಕೆ ಡಿಜಿಟಲ್ ಪಬ್ಲಿಕ್ ಗೂಡ್ಸ್ ನೋಂದಣಿ ಪಟ್ಟಿ ಇದೆ. ಕೇಂದ್ರ ಸರ್ಕಾರದ ಓಪನ್‌ಫೋರ್ಜ್ ಇದೆ. ಸರ್ಕಾರಿ ವ್ಯವಸ್ಥೆಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕೆಂಬ ಕೇಂದ್ರದ ನೀತಿ 2015ರಲ್ಲೇ ಬಂದಿದೆ. ಸಂಸ್ಥೆಯ ಸ್ವಂತ ಸರ್ವರ್‌ನಲ್ಲಿ ಓಡಿಸಬಹುದಾದ ಸಾಧನಗಳಿಗೆ ‘ಆಸಮ್ ಸೆಲ್ಫ್‌ಹೋಸ್ಟೆಡ್’ ಎಂಬ ವಿಂಗಡಿಸಿದ ಪಟ್ಟಿ ಉಪಯುಕ್ತ.

ಪಟ್ಟಿಗಿಂತ ಹೆಚ್ಚು ಕಲಿಸುವುದು ಕರ್ನಾಟಕದಲ್ಲೇ ನಡೆದ ಪ್ರಯೋಗಗಳು. ಕಿರುಸಾಲ ಸಂಸ್ಥೆಗಳಿಗಾಗಿ ಗ್ರಾಮೀಣ್ ಫೌಂಡೇಶನ್ ಹುಟ್ಟುಹಾಕಿದ ಮಿಫೋಸ್ ಎಂಬ ಮುಕ್ತ ತಂತ್ರಾಂಶವನ್ನು ಮೊದಮೊದಲು ಬಳಸಿದವರಲ್ಲಿ ಬೆಂಗಳೂರು ಮೂಲದ ಗ್ರಾಮೀಣ ಕೂಟ ಒಂದು. ಮಹಿಳಾ ಗುಂಪುಗಳು, ವಾರದ ಕಂತು, ಕೇಂದ್ರ ಸಭೆಗಳು ಎಂಬ ಇಲ್ಲಿನ ನಡವಳಿಕೆಗೆ ಆ ತಂತ್ರಾಂಶ ಹೊಂದಿಕೊಳ್ಳಬೇಕಾಯಿತು. ಆ ವಂಶದ ಸೋರ್ಸ್ ಕೋಡ್ ಇಂದು ಅಪಾಚೆ ಫಿನರಾಕ್ಟ್ ಎಂಬ ಹೆಸರಿನಲ್ಲಿದೆ; 2017ರಲ್ಲಿ ಅಪಾಚೆಯ ಪೂರ್ಣ ಪ್ರಮಾಣದ ಯೋಜನೆಯಾಯಿತು. ಸೌಹಾರ್ದ ಸಹಕಾರಿಯ ಠೇವಣಿ, ಸಾಲ, ಬಡ್ಡಿಯ ಲೆಕ್ಕಕ್ಕೆ ಶೂನ್ಯದಿಂದ ಕೋಡ್ ಬರೆಯಲು ಕೂರುವವರು ಮೊದಲು ಫಿನರಾಕ್ಟ್‌ನ ದತ್ತಾಂಶ ರಚನೆಯನ್ನು ಓದಬೇಕು. ಬಳಸದಿದ್ದರೂ ಸರಿ, ಓದಿದರೆ ಬಡ್ಡಿ ಮರುಲೆಕ್ಕ, ಹಿಂದಿನ ದಿನಾಂಕದ ಜಮಾ, ರದ್ದಾದ ಕಂತು ಎಂಬ ಜಟಿಲ ಸನ್ನಿವೇಶಗಳೆಲ್ಲ ಮೊದಲೇ ಕಣ್ಣಿಗೆ ಬೀಳುತ್ತವೆ.

ಒಂದು ಎಚ್ಚರಿಕೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಕಂಪ್ಯೂಟರೀಕರಣಕ್ಕೆ ಕೇಂದ್ರ ಸಂಪುಟ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಮೊದಲ ಗುರಿ 63,000 ಸಂಘಗಳು, ನಬಾರ್ಡ್ ಮೂಲಕ ರಾಷ್ಟ್ರಮಟ್ಟದ ಒಂದೇ ತಂತ್ರಾಂಶ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ ಗದಗ ಜಿಲ್ಲೆಯ ಕಣಗಿನಹಾಳ ಇಲ್ಲಿಂದ ಬಹಳ ದೂರವಿಲ್ಲ. ಈ ಸೀಮೆಯಲ್ಲಿ ಅಂಥ ಸಂಘಗಳು ಹಳ್ಳಿಹಳ್ಳಿಗೂ ಇವೆ. ಹಾಗೆಂದು ಅವಕ್ಕೇ ಇನ್ನೊಂದು ತಂತ್ರಾಂಶ ಮಾರಲು ಹೊರಡುವುದು ವ್ಯರ್ಥ ಶ್ರಮ. ಅಂಗಡಿ, ಗಿರಣಿ, ನೇಕಾರರ ಸಂಘ, ಶಾಲೆ, ಆಸ್ಪತ್ರೆಗಳಲ್ಲಿ ಮಾಡಬೇಕಾದ್ದು ಬೇಕಾದಷ್ಟಿದೆ.

ಅಲ್ಲಿ ಮೊದಲು ನೋಡಬೇಕಾದದ್ದು ಇಆರ್‌ಪಿನೆಕ್ಸ್ಟ್. ಮುಂಬೈಯ ರುಷಭ್ ಮೆಹ್ತಾ ತಮ್ಮ ಮನೆತನದ ಪೀಠೋಪಕರಣ ಉದ್ಯಮದ ಅಗತ್ಯದಿಂದ ಶುರುಮಾಡಿದ ಇದು ಈಗ ಫ್ರಾಪೆ ಕಂಪನಿಯ ಆಶ್ರಯದಲ್ಲಿದೆ. ದಾಸ್ತಾನು, ಖರೀದಿ, ಮಾರಾಟ, ಉತ್ಪಾದನೆ, ಲೆಕ್ಕಪತ್ರ ಎಲ್ಲ ಇವೆ. ಜಿಎಸ್‌ಟಿಗಾಗಿ ‘ಇಂಡಿಯಾ ಕಂಪ್ಲಯನ್ಸ್’ ಎಂಬ ಪ್ರತ್ಯೇಕ ಮುಕ್ತ ಆ್ಯಪ್ ಇದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ ವ್ಯಾಪಾರಿಗಳ ನಡುವಿನ ಮಾರಾಟದಲ್ಲಿ ಇ-ಇನ್‌ವಾಯ್ಸ್ 2023ರ ಆಗಸ್ಟ್‌ನಿಂದ ಕಡ್ಡಾಯವಾಗಿರುವುದರಿಂದ ಇದು ಸಣ್ಣ ವಿಷಯವಲ್ಲ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಫ್ರಾಪೆಯ ಸಾಧನಗಳನ್ನು ತಾನೂ ಬಳಸುತ್ತದೆ, ಅದರಲ್ಲಿ ಹಣವನ್ನೂ ತೊಡಗಿಸಿದೆ. ಅಷ್ಟಾದರೂ ಬರಿಯ ಬಿಲ್ ಪುಸ್ತಕ ಸಾಕಾಗುವ ಕಿರಾಣಿ ಅಂಗಡಿಗೆ ಇಆರ್‌ಪಿನೆಕ್ಸ್ಟ್ ಹೇರುವುದು ತಪ್ಪು. ಟ್ಯಾಲಿಯಲ್ಲಿ ಚೆನ್ನಾಗಿ ನಡೆಯುತ್ತಿರುವ ಲೆಕ್ಕವನ್ನು ಓಪನ್ ಸೋರ್ಸ್ ಎಂಬ ಒಂದೇ ಕಾರಣಕ್ಕೆ ಕದಲಿಸಬೇಕಾಗಿಲ್ಲ. ಟ್ಯಾಲಿ ಮುಟ್ಟದ ಕೆಲಸ, ಅಂದರೆ ಮಗ್ಗವಾರು ನೂಲಿನ ಲೆಕ್ಕ ಅಥವಾ ಗಾಡಿವಾರು ಕಬ್ಬಿನ ಲೆಕ್ಕ ಬಂದಾಗ ಮುಕ್ತ ಚೌಕಟ್ಟಿನ ಬೆಲೆ ತಿಳಿಯುತ್ತದೆ.

ಈಗ ನಾಲ್ಕು ಊರಿನ ಹೆಸರಿನ ಪರೀಕ್ಷೆ.

ಮೊದಲು ಬೈಲಹೊಂಗಲ. ಇದರಲ್ಲಿನ ‘ಐ’ ಮತ್ತು ‘ಒ’ ಸ್ವರಚಿಹ್ನೆಗಳೆರಡನ್ನೂ ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಎರಡು ತುಂಡುಗಳನ್ನು ಜೋಡಿಸಿ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಪದಗಳು. ಒಬ್ಬರು ಒಂದು ಕೀಲಿಮಣೆಯಿಂದ, ಇನ್ನೊಬ್ಬರು ಬೇರೆ ಕಡೆಯಿಂದ ನಕಲಿಸಿ ಹೆಸರು ತುಂಬಿದ್ದರೆ ಹುಡುಕಿದಾಗ ಅರ್ಧ ಸದಸ್ಯರು ಕಾಣೆಯಾಗಬಹುದು. ಇದಕ್ಕೆ ಮದ್ದು ಎರಡೂ ಬಗೆಯನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ 2020ರ 13ನೇ ಆವೃತ್ತಿಯಿಂದ ಅದು ಒಳಗೇ ಇದೆ, ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್‌ಗಳಲ್ಲೂ ಇದೆ. ಅಕ್ಷರ ಒಳಬರುವ ಬಾಗಿಲಲ್ಲೇ ಅದನ್ನು ಮಾಡಬೇಕು. ಇನ್ನೊಂದು ಮಾತು: ಈ ಊರಿನ ಹೆಸರಿಗೆ ಕನ್ನಡದಲ್ಲಿ 8 ಯೂನಿಕೋಡ್ ಸಂಕೇತಗಳು, ಒಂದೊಂದಕ್ಕೂ ಯುಟಿಎಫ್-8ರಲ್ಲಿ 3 ಬೈಟ್, ಒಟ್ಟು 24 ಬೈಟ್. ಅಂಕಣದ ಉದ್ದವನ್ನು ಬೈಟ್‌ಗಳಲ್ಲಿ ಅಳೆಯುವ ಹಳೆಯ ವ್ಯವಸ್ಥೆಗಳಲ್ಲಿ ಉದ್ದನೆಯ ಅಡ್ಡಹೆಸರುಗಳು ನಡುವೆಯೇ ತುಂಡಾಗುತ್ತವೆ. ಸದಸ್ಯರಿಗೆ ಎಸ್‌ಎಂಎಸ್ ಕಳಿಸುವ ಸಂಘಗಳಿಗೂ ಇದೇ ಪೆಟ್ಟು. ಇಂಗ್ಲಿಷ್ ಸಂದೇಶದಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಸಂಕೇತಕ್ಕೇ ಮುಗಿಯುತ್ತದೆ.

ರಾಮದುರ್ಗ ಇನ್ನೂ ಕಠಿಣ. ಅರ್ಕಾವೊತ್ತಿನೊಂದಿಗೆ ಬರೆದ ರೂಪ ಒಂದು. ರಕಾರಕ್ಕೆ ಗಕಾರದ ಒತ್ತು ಹಚ್ಚಿ ಬರೆದ ರೂಪ ಮತ್ತೊಂದು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಅಡಗಿರುತ್ತದೆ, ಅದನ್ನು ನಾರ್ಮಲೈಸೇಶನ್ ತೆಗೆಯುವುದಿಲ್ಲ. ಆದ್ದರಿಂದ ಬರೆದವರ ರೂಪವನ್ನು ಹಾಗೆಯೇ ಉಳಿಸಿ, ಹುಡುಕಾಟಕ್ಕೆ ಮಾತ್ರ ಆ ಜೋಡಕ ತೆಗೆದ ಇನ್ನೊಂದು ಅಂಕಣವನ್ನು ಇಟ್ಟುಕೊಳ್ಳಬೇಕು. ಮುದ್ರಣದಲ್ಲಿ ಕಷ್ಟ ಇನ್ನೂ ಹೆಚ್ಚು. ಅಕ್ಷರಗಳನ್ನು ಸಂಯೋಜಿಸುವ ಶಕ್ತಿಯಿಲ್ಲದ ಪಿಡಿಎಫ್ ಲೈಬ್ರರಿಗಳು ಒತ್ತುಗಳನ್ನು ಬಿಡಿಸಿ, ಅರ್ಧಾಕ್ಷರಗಳನ್ನು ಸಾಲಾಗಿ ನಿಲ್ಲಿಸುತ್ತವೆ. ರಾಮದುರ್ಗ, ಸವದತ್ತಿ, ಕಿತ್ತೂರು ಮೂರೂ ಕೆಡುತ್ತವೆ. ಹಾರ್ಫ್‌ಬಜ್ ಎಂಬ ಮುಕ್ತ ಸಂಯೋಜಕವನ್ನು ಆಧರಿಸಿದ ಸಾಧನಗಳು ಈ ಕೆಲಸವನ್ನು ಸರಿಯಾಗಿ ಮಾಡುತ್ತವೆ. ವೀಸಿಪ್ರಿಂಟ್ ಅಂಥದ್ದು, ಪರದೆಯಿಲ್ಲದೆ ಓಡುವ ಲಿಬ್ರೆಆಫೀಸ್ ಅಂಥದ್ದು. ಬಹುಕಾಲ ಜನಪ್ರಿಯವಾಗಿದ್ದ ಡಬ್ಲ್ಯುಕೆ-ಎಚ್‌ಟಿಎಂಎಲ್-ಟು-ಪಿಡಿಎಫ್‌ನ ಭಂಡಾರಕ್ಕೆ 2023ರಲ್ಲಿ ಬೀಗ ಬಿದ್ದಿದೆ. ಹಳೆಯ ಮಾರ್ಗದರ್ಶಿಗಳು ಇನ್ನೂ ಅದನ್ನೇ ಹೇಳುತ್ತವೆ, ಹೊಸ ಕೆಲಸಕ್ಕೆ ಅದು ಬೇಡ. ರಸೀದಿಯ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ರಸೀದಿಯನ್ನು ಚಿತ್ರವಾಗಿ ಪರಿವರ್ತಿಸಿ ಕಳಿಸಬೇಕು, ಪೈಥಾನ್‌ನ ಎಸ್ಕ್‌ಪೋಸ್ ಲೈಬ್ರರಿಯಿಂದ ಅದು ಸಾಧ್ಯ. ಅಕ್ಷರವಿನ್ಯಾಸಕ್ಕೆ ನೋಟೊ ಕನ್ನಡ, ಸಂಚಯ ಬಳಗದ ಗುಬ್ಬಿ ಮತ್ತು ನವಿಲು ಮುಕ್ತವಾಗಿ ಸಿಗುತ್ತವೆ.

ಸವದತ್ತಿ ದಾಖಲೆಗಳಲ್ಲಿ ಸೌಂದತ್ತಿಯೂ ಆಗಿರುತ್ತದೆ. ಇದನ್ನು ಯಾವ ಲೈಬ್ರರಿಯೂ ಬಗೆಹರಿಸದು. ಊರಿಗೊಂದು ಸಂಖ್ಯಾ ಗುರುತು ಕೊಟ್ಟು, ಹೆಸರುಗಳನ್ನು ಅದಕ್ಕೆ ಕಟ್ಟುವುದೇ ದಾರಿ. ಅಕ್ಷರಕ್ರಮದ ವಿಷಯ ಮಾತ್ರ ಸಾಧನಕ್ಕೆ ಸೇರಿದ್ದು. ಯೂನಿಕೋಡ್‌ನ ಅನುಕ್ರಮದಲ್ಲಿ ಳಕಾರ ಲಕಾರದ ಪಕ್ಕದಲ್ಲಿದೆ, ವರ್ಣಮಾಲೆಯಲ್ಲಾದರೆ ಹಕಾರದ ನಂತರ. ಹಾಗಾಗಿ ಬರಿಯ ಸಂಕೇತಕ್ರಮದಲ್ಲಿ ಜೋಡಿಸಿದರೆ ಕಳಕಪ್ಪ ಮೊದಲು, ಕವಿತಾ ನಂತರ ಬರುತ್ತಾರೆ. ಸಂಘದ ಗುಮಾಸ್ತರು ಕೈಯಲ್ಲಿ ಬರೆದ ಪಟ್ಟಿಯಲ್ಲಿ ಕವಿತಾ ಮೊದಲು. ಐಸಿಯು ಎಂಬ ಮುಕ್ತ ಲೈಬ್ರರಿಯಲ್ಲಿ ಭಾಷಾವಾರು ಜೋಡಣೆಯ ನಿಯಮಗಳಿವೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ 2017ರ 10ನೇ ಆವೃತ್ತಿಯಿಂದ ಅದನ್ನು ಬಳಸಬಲ್ಲದು. ಡೇಟಾಬೇಸ್ ಆರಿಸುವಾಗ ಈ ಎರಡು ಹೆಸರು ಹಾಕಿ ನೋಡಿದರೆ ಸಾಕು. ಎಸ್‌ಕ್ಯೂಲೈಟ್ ಚಿಕ್ಕ ಕೆಲಸಕ್ಕೆ ಅದ್ಭುತ ಸಾಧನ, ಆದರೆ ಐಸಿಯು ವಿಸ್ತರಣೆ ಸೇರಿಸದೆ ಅದರಿಂದ ಕನ್ನಡ ಅಕ್ಷರಕ್ರಮ ನಿರೀಕ್ಷಿಸಬಾರದು.

ಹಳೆಯ ಕಡತಗಳು ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಪೂರ್ವ ಅಕ್ಷರಗಳಲ್ಲಿರುವುದು ಈ ಭಾಗದ ಕಚೇರಿಗಳಲ್ಲಿ ಸಾಮಾನ್ಯ. ಅವನ್ನು ಬದಲಿಸಲು ಅರವಿಂದ ವಿ.ಕೆ. ಬರೆದ ಮುಕ್ತ ಪರಿವರ್ತಕವಿದೆ. ಪರಿವರ್ತನೆಯಾದ ಮೇಲೆ ಹೆಸರುಗಳನ್ನು ಮನುಷ್ಯರೇ ಒಮ್ಮೆ ಓದಬೇಕು. ಪಾಸ್‌ಬುಕ್ಕಿನ ಹೆಸರಿನಲ್ಲಿ ಒಂದು ಒತ್ತು ತಪ್ಪಿದರೂ ಅದು ಖಾತೆದಾರರ ಮುಂದೆ ತಲೆತಗ್ಗಿಸುವ ವಿಷಯ.

ಕನ್ನಡದ ಪರೀಕ್ಷೆ ದಾಟಿದ ಸಾಧನದ ಲೈಸೆನ್ಸನ್ನು ಆಮೇಲೆ ಓದಬೇಕು. ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಇದ್ದರೆ ಬದಲಿಸಿ ಮಾರಲು ಹೆಚ್ಚು ನಿರ್ಬಂಧವಿಲ್ಲ, ಹಕ್ಕುಸ್ವಾಮ್ಯದ ಸೂಚನೆಗಳನ್ನು ಉಳಿಸಬೇಕು. ಇಆರ್‌ಪಿನೆಕ್ಸ್ಟ್‌ಗೆ ಇರುವುದು ಜಿಪಿಎಲ್ 3. ಅದನ್ನು ಬದಲಿಸಿ ಗಿರಾಕಿಯ ಕಂಪ್ಯೂಟರಿಗೆ ಹಾಕಿಕೊಟ್ಟರೆ ಬದಲಿಸಿದ ಸೋರ್ಸ್ ಕೋಡ್ ಪಡೆಯುವ ಹಕ್ಕು ಆ ಗಿರಾಕಿಗೆ ಇರುತ್ತದೆ. ಜೆರೋಧಾದ ಕೈಲಾಶ್ ನಾಧ್ ಬರೆದ, ಸಾಮೂಹಿಕ ಇಮೇಲ್ ಕಳಿಸುವ ಲಿಸ್ಟ್‌ಮಾಂಕ್‌ಗೆ ಎಜಿಪಿಎಲ್ ಇದೆ. ಅದನ್ನು ಬದಲಿಸಿ ಇಂಟರ್‌ನೆಟ್ ಮೂಲಕ ಸೇವೆಯಾಗಿ ಕೊಟ್ಟರೂ ಬಳಕೆದಾರರಿಗೆ ಕೋಡ್ ದೊರಕಬೇಕು. ಇದು ಹೆದರುವ ವಿಷಯವಲ್ಲ. ಕರಾರಿನಲ್ಲಿ ಮೊದಲೇ ಬರೆದುಕೊಂಡರೆ ಮುಂದೆ ಜಗಳವಿರುವುದಿಲ್ಲ, ಸಂಸ್ಥೆಗೂ ಒಬ್ಬನೇ ಡೆವಲಪರ್‌ನ ಕೈಯಲ್ಲಿ ಸಿಕ್ಕಿಬೀಳುವ ಭಯ ತಪ್ಪುತ್ತದೆ.

ಲೈಸೆನ್ಸ್ ಬದಲಾಗಲೂಬಹುದು. ಸರ್ವರ್ ವ್ಯವಸ್ಥೆ ಕಟ್ಟುವ ಸಾಧನ ಟೆರಾಫಾರ್ಮ್‌ನ ಕಂಪನಿ 2023ರ ಆಗಸ್ಟ್‌ನಲ್ಲಿ ಮುಕ್ತ ಲೈಸೆನ್ಸನ್ನು ಬಿಟ್ಟಾಗ ಅದರ ಮುಕ್ತ ಕವಲಾಗಿ ಓಪನ್‌ಟೋಫು ಹುಟ್ಟಿತು. 2024ರ ಮಾರ್ಚ್‌ನಲ್ಲಿ ರೆಡಿಸ್ ಡೇಟಾಬೇಸ್ ಅದೇ ದಾರಿ ಹಿಡಿದಾಗ ಲಿನಕ್ಸ್ ಪ್ರತಿಷ್ಠಾನದಡಿ ವಾಲ್‌ಕೀ ಬಂತು. ಮರುವರ್ಷ ರೆಡಿಸ್ ಎಜಿಪಿಎಲ್ ಆಯ್ಕೆಯೊಂದಿಗೆ ಮರಳಿತು. ಒಂದೇ ಕಂಪನಿಯ ಒಡೆತನದ ಸಾಧನಕ್ಕಿಂತ ಹಲವರ ಪಾಲಿರುವ ಸಾಧನ ಹೆಚ್ಚು ಭದ್ರ ಎನ್ನುವುದಕ್ಕೆ ಇವು ಸಾಕ್ಷಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಯಾವ ಒಂದು ಕಂಪನಿಯ ಸೊತ್ತೂ ಅಲ್ಲ, ಅದಕ್ಕೇ ಇಂಥ ಕೋಲಾಹಲ ಅಲ್ಲಿ ಆಗಿಲ್ಲ.

ಉಳಿದ ಸಾಧನಗಳ ಆಯ್ಕೆ ಅಷ್ಟು ಕಷ್ಟವಲ್ಲ. ಕೋಡ್ ಇಡಲು ಗಿಟ್, ಸ್ವಂತ ಸರ್ವರ್ ಬೇಕಿದ್ದರೆ ಹಗುರವಾದ ಫೋರ್ಜೆಜೊ. ಬಳಕೆದಾರರ ಗುರುತು ಮತ್ತು ಅಧಿಕಾರಕ್ಕೆ ಕೀಕ್ಲೋಕ್. ಪರೀಕ್ಷೆಗಳಿಗೆ ಪ್ಲೇರೈಟ್ ಅಥವಾ ಸೆಲೆನಿಯಂ, ಪರೀಕ್ಷೆ ಮತ್ತು ಬಿಡುಗಡೆಯನ್ನು ತಾನೇ ನಡೆಸಲು ಜೆಂಕಿನ್ಸ್. ವರದಿಗಳಿಗೆ ಮೆಟಾಬೇಸ್ ಅಥವಾ ಅಪಾಚೆ ಸೂಪರ್‌ಸೆಟ್. ಅರ್ಧ ಮುಕ್ತ, ಅರ್ಧ ದುಡ್ಡಿನ ಸಾಧನಗಳಲ್ಲಿ ಸಂಸ್ಥೆಗೆ ಅಗತ್ಯವಾದ ಏಕ ಲಾಗಿನ್, ಲೆಕ್ಕಪರಿಶೋಧನೆಯ ದಾಖಲೆಗಳು ದುಡ್ಡಿನ ಭಾಗದಲ್ಲಿರುವುದು ಸಾಮಾನ್ಯ. ಬೆಲೆಪಟ್ಟಿಯ ಪುಟವನ್ನು ಮೊದಲೇ ಓದಬೇಕು. ನೆಟ್ ನಿಧಾನವಿರುವ ಕಚೇರಿಯಲ್ಲಿ ಪ್ರತಿ ಕಂಪ್ಯೂಟರೂ ಅದೇ ಪ್ಯಾಕೇಜುಗಳನ್ನು ಮತ್ತೆ ಮತ್ತೆ ಇಳಿಸದಂತೆ ಒಂದು ಯಂತ್ರದಲ್ಲಿ ಪೈಥಾನ್‌ಗೆ ಡೆವ್‌ಪೈ, ಜಾವಾಸ್ಕ್ರಿಪ್ಟ್‌ಗೆ ವರ್ಡಾಚಿಯೊ ಹಾಕಿದರೆ ಒಮ್ಮೆ ಇಳಿದದ್ದು ಎಲ್ಲರಿಗೂ ಸಿಗುತ್ತದೆ.

ಯೋಜನೆಗೆ ಜೀವ ಇದೆಯೇ ಎಂದು ತಿಳಿಯಲು ಕೊನೆಯ ಬಿಡುಗಡೆಯ ದಿನಾಂಕ, ಕಳೆದ ವರ್ಷ ಕೋಡ್ ಸೇರಿಸಿದವರ ಸಂಖ್ಯೆ, ದೂರುಗಳಿಗೆ ಬಂದ ಉತ್ತರದ ಧಾಟಿ ಈ ಮೂರನ್ನು ನೋಡಬೇಕು. ಒಬ್ಬರೇ ಹೊತ್ತಿರುವ ಯೋಜನೆಯಿಂದ ಎಂಥ ಅಪಾಯವಿದೆ ಎಂಬುದು 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ಲೈಬ್ರರಿಯ ಪ್ರಕರಣದಲ್ಲಿ ಜಗತ್ತಿಗೇ ಗೊತ್ತಾಯಿತು. ದಣಿದಿದ್ದ ನಿರ್ವಾಹಕರ ವಿಶ್ವಾಸ ಗಳಿಸಿ ಒಳಬಂದ ವ್ಯಕ್ತಿಯೊಬ್ಬ ಕಳ್ಳಬಾಗಿಲು ಇಟ್ಟಿದ್ದ. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿ ಅದನ್ನು ಹಿಡಿದದ್ದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್. ಬಳಸಿದ ಲೈಬ್ರರಿಗಳ ಪಟ್ಟಿ ಇಟ್ಟುಕೊಂಡು ಒಎಸ್‌ವಿ-ಸ್ಕ್ಯಾನರ್‌ನಂಥ ಮುಕ್ತ ಸಾಧನದಿಂದ ತಿಳಿದಿರುವ ದೋಷಗಳನ್ನು ನಿಯಮಿತವಾಗಿ ಶೋಧಿಸಬೇಕು. ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಉಳಿಸಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ ಹೇಳುತ್ತದೆ. ಡಿಸ್ಕ್ ಖರೀದಿಸುವಾಗಲೇ ಆ ಲೆಕ್ಕ ಹಿಡಿಯಬೇಕು.

ಬ್ಯಾಕಪ್‌ಗೆ ರೆಸ್ಟಿಕ್, ಪೋಸ್ಟ್‌ಗ್ರೆಸ್‌ಗೆ ಅದರದ್ದೇ ಸಾಧನಗಳಿವೆ. ನೋಡಬೇಕಾದದ್ದು ಮರುಸ್ಥಾಪನೆ. ಡೇಟಾ ನಮೂದಿಸುತ್ತಿರುವಾಗಲೇ ಪ್ರಯೋಗದ ಯಂತ್ರದ ಪ್ಲಗ್ ಎಳೆದು ನೋಡಬೇಕು. ಬಳಿಕ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ಇಳಿಸಿ ಕೀರ್ದಿ ತಾಳೆಯಾಗುತ್ತದೆಯೇ ಎಂದು ಸಂಸ್ಥೆಯ ಲೆಕ್ಕಿಗರಿಂದಲೇ ಪರೀಕ್ಷಿಸಬೇಕು. ತಂತ್ರಾಂಶ ಬರೆದವರು ಆ ದಿನ ಕೀಲಿಮಣೆ ಮುಟ್ಟದೆ ಪಕ್ಕದಲ್ಲಿ ಕೂತರೆ, ಬರೆದುಕೊಟ್ಟ ಸೂಚನೆಗಳಲ್ಲಿ ಯಾವ ಹೆಜ್ಜೆ ಬಿಟ್ಟುಹೋಗಿದೆ ಎಂಬುದು ತಾನೇ ಹೊರಬರುತ್ತದೆ.

ತೊಂದರೆ ಸಿಕ್ಕಾಗ ಅದನ್ನು ಮೂಲ ಯೋಜನೆಗೆ ತಿಳಿಸುವುದು ಈ ಕೆಲಸದ ಭಾಗವೇ. ‘ಕನ್ನಡ ಸರಿ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯದು. ತಂತ್ರಾಂಶದ ಆವೃತ್ತಿ, ಬಳಸಿದ ಅಕ್ಷರವಿನ್ಯಾಸ, ಪದದ ಯೂನಿಕೋಡ್ ಸಂಕೇತಗಳ ಸಾಲು, ಬಂದ ರೂಪದ ಚಿತ್ರ, ಬರಬೇಕಾದ ರೂಪದ ಚಿತ್ರ ಇಷ್ಟನ್ನು ಕೊಟ್ಟರೆ ಕನ್ನಡ ಓದಲು ಬಾರದ ಡೆವಲಪರ್ ಕೂಡ ದೋಷವನ್ನು ತನ್ನ ಯಂತ್ರದಲ್ಲಿ ಕಾಣಬಲ್ಲರು. ದಾರಿ ತಿಳಿಯದವರು 2020ರಲ್ಲಿ ಶುರುವಾದ ಫಾಸ್ ಯುನೈಟೆಡ್ ಬಳಗದವರನ್ನು ಕೇಳಬಹುದು. ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ಅವರ ಇಂಡಿಯಾಫಾಸ್ ಸಮ್ಮೇಳನ ನಡೆಯುತ್ತದೆ. ಸ್ವಂತ ಮುಕ್ತ ಯೋಜನೆ ಇರುವವರಿಗೆ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಘೋಷಿಸಿದ ಫ್ಲಾಸ್ ಫಂಡ್ ಇದೆ. ವರ್ಷಕ್ಕೆ 10 ಲಕ್ಷ ಡಾಲರ್ ಅದರ ಗಾತ್ರ, ಅರ್ಜಿಗೆ ಬೇಕಾದದ್ದು ಯೋಜನೆಯ ವಿವರ ಮತ್ತು ಹಣದ ಅಗತ್ಯವನ್ನು ಬರೆದ ಒಂದು ಕಡತ.